ಕಲಿಸಿದ್ದು ಸಾಲವೋ, ಋಣವೋ?

ಮಾರ್ಚ್ ತಿಂಗಳ ಕೊನೆಯ ವಾರ ನಮ್ಮ ಆಫೀಸಿನಲ್ಲಿ ಒಂದು ಎಕ್ಸೆಲ್ ಶೀಟು ಓಡಾಡುತ್ತದೆ. ಮುಂದಿನ ವರ್ಷ ಯಾವ ತಂಡಕ್ಕೆ ಎಷ್ಟು ಖರ್ಚು ಎಂದು ತುಂಬಬೇಕಾದ ಶೀಟು. ಲೈಸೆನ್ಸು, ಪ್ರಯಾಣ, ಹೊಸ ಲ್ಯಾಪ್‌ಟಾಪು ಎಲ್ಲ ಮುಗಿದ ಮೇಲೆ ಕೆಳಗೆಲ್ಲೋ ‘ಟ್ರೇನಿಂಗ್’ ಎಂಬ ಒಂದು ಸಾಲು ಇರುತ್ತದೆ. ಖರ್ಚು ಕಡಿಮೆ ಮಾಡಿ ಎಂದು ಮೇಲಿನಿಂದ ಫೋನು ಬಂದರೆ ಮೊದಲು ಕತ್ತರಿ ಬೀಳುವುದು ಆ ಸಾಲಿಗೇ. ಬಾಡಿಗೆ ಕಟ್ಟದಿದ್ದರೆ ನಾಳೆಯೇ ಗೊತ್ತಾಗುತ್ತದೆ. ಒಬ್ಬರಿಗೆ ಕಲಿಸದಿದ್ದರೆ ಗೊತ್ತಾಗಲು ಎರಡು ವರ್ಷ ಬೇಕು.

ನನಗೂ ಗೊತ್ತಾಗಲು ಎರಡು ವರ್ಷವೇ ಹಿಡಿಯಿತು.

ಕೆಲವು ವರ್ಷಗಳ ಹಿಂದಿನ ಮಾತು. ಅಹಮದಾಬಾದಿನ ನನ್ನ ತಂಡಕ್ಕೆ ಕ್ಲೌಡ್ ತರಬೇತಿಯ ಆರು ಸೀಟು ಸಿಕ್ಕಿತ್ತು. ಕೇಳಿದವರು ಒಂಬತ್ತು ಜನ. ಮೂವರನ್ನು ಬಿಡಬೇಕಿತ್ತು. ಆ ಮೂವರಲ್ಲಿ ಒಬ್ಬಳು ಸೂರತ್‌ನ ಹುಡುಗಿ, ಮ್ಯಾನುವಲ್ ಟೆಸ್ಟಿಂಗ್ ಮಾಡುತ್ತಿದ್ದಳು. ಕೆಲಸದಲ್ಲಿ ಅಚ್ಚುಕಟ್ಟು, ಬೇರೆಯವರ ಕಣ್ಣಿಗೆ ಬೀಳದ ತಪ್ಪು ಅವಳ ಕಣ್ಣಿಗೆ ಬೀಳುತ್ತಿತ್ತು. ಆದರೆ ಆ ತಿಂಗಳು ಅವಳ ನಿಶ್ಚಿತಾರ್ಥ ಆಗಿತ್ತು, ಪೇಡೆ ಹಂಚಿದ್ದಳು. ನಾನು ಒಂದು ಪೇಡೆ ಬಾಯಿಗೆ ಹಾಕಿಕೊಂಡು ಶುಭಾಶಯ ಹೇಳಿ, ನನ್ನ ಜಾಗಕ್ಕೆ ಬಂದು ಅವಳ ಹೆಸರನ್ನು ಪಟ್ಟಿಯಿಂದ ತೆಗೆದೆ. ಮದುವೆಯಾದ ಮೇಲೆ ಎಲ್ಲಿಗೆ ಹೋಗುತ್ತಾಳೋ ಏನೋ, ಇವಳ ಮೇಲೆ ಹಾಕಿದ ದುಡ್ಡು ದಂಡ ಎಂಬ ಲೆಕ್ಕ. ಯಾರೂ ನನ್ನನ್ನು ಹಾಗೆ ಮಾಡು ಎಂದು ಹೇಳಿರಲಿಲ್ಲ. ಅವಳನ್ನು ಒಂದು ಮಾತು ಕೇಳಲೂ ಇಲ್ಲ.

ಆ ಸೀಟನ್ನು ಒಬ್ಬ ಚುರುಕಿನ ಹುಡುಗನಿಗೆ ಕೊಟ್ಟೆ. ಅವನು ತರಬೇತಿ ಮುಗಿಸಿ, ಸರ್ಟಿಫಿಕೇಟು ಪಡೆದು, ಏಳನೇ ತಿಂಗಳಿಗೆ ಬೆಂಗಳೂರಿನ ಕಂಪನಿಗೆ ಹೋದ. ಅವಳ ಮದುವೆ ಅಹಮದಾಬಾದಿಗೇ ಆಯಿತು. ಮದುವೆಯ ಹತ್ತು ದಿನ ರಜೆ ಮುಗಿಸಿ ಅದೇ ಕುರ್ಚಿಗೆ ಬಂದು ಕೂತಳು. ಎರಡು ವರ್ಷದ ನಂತರ ಟೆಸ್ಟಿಂಗೆಲ್ಲ ಆಟೊಮೇಷನ್‌ಗೆ ಹೋಯಿತು. ಮ್ಯಾನುವಲ್ ಟೆಸ್ಟಿಂಗ್ ಮಾತ್ರ ಗೊತ್ತಿದ್ದವರು ಬೇಡವಾದರು. ಆ ಪತ್ರವನ್ನು ಅವಳ ಕೈಗೆ ಕೊಡುವ ಕೆಲಸವೂ ನನ್ನ ಪಾಲಿಗೇ ಬಂತು.

ಅವಳು ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. “ಸರ್, ಆವಾಗ ಆ ಲಿಸ್ಟಿನಲ್ಲಿ ನನ್ನ ಹೆಸರು ಯಾಕಿರಲಿಲ್ಲ?”

“ಸೀಟು ಕಡಿಮೆ ಇತ್ತಮ್ಮ” ಎಂದೆ.

ಸೀಟು ಕಡಿಮೆ ಇದ್ದದ್ದು ನಿಜ. ಆದರೆ ನಾನು ಹೇಳಿದ್ದು ಸುಳ್ಳು. ಆ ಸುಳ್ಳು ನನ್ನನ್ನು ಒಂದು ಪ್ರಶ್ನೆಗೆ ತಂದು ನಿಲ್ಲಿಸಿತು. ಒಬ್ಬ ಮಾಲೀಕ ತನ್ನ ಕೆಲಸದವರಿಗೆ ಯಾಕೆ ಕಲಿಸುತ್ತಾನೆ? ಕಲಿಸಿದ ಮೇಲೆ ಅವರು ಅವನಿಗೆ ಏನು ಕೊಡಬೇಕು? ಇದು ಎಚ್.ಆರ್. ವಿಭಾಗದ ಪ್ರಶ್ನೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಈಗ ನೋಡಿದರೆ ಧರ್ಮದ ಪ್ರಶ್ನೆಯಂತೆ ಕಾಣುತ್ತದೆ.

*

ಅರ್ಥಶಾಸ್ತ್ರದವರು ಇದನ್ನು ಮೊದಲೇ ಕೇಳಿಕೊಂಡಿದ್ದಾರೆ. ಗ್ಯಾರಿ ಬೆಕರ್ 1964ರಲ್ಲಿ ಮಾನವ ಬಂಡವಾಳದ ಬಗ್ಗೆ ಒಂದು ಪುಸ್ತಕ ಬರೆದ. ಮುಂದೆ 1992ರಲ್ಲಿ ನೊಬೆಲ್ ಪಡೆದ. ಅವನು ಕಲಿಕೆಯನ್ನು ಎರಡು ಬಗೆ ಮಾಡಿದ. ಒಂದು, ಈ ಕಂಪನಿಯಲ್ಲಿ ಮಾತ್ರ ಉಪಯೋಗಕ್ಕೆ ಬರುವ ಕಲಿಕೆ. ನಮ್ಮ ಹದಿನೈದು ವರ್ಷ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರು ಯಾವ ತಿಂಗಳ ಕೊನೆಗೆ ಯಾಕೆ ಕೈಕೊಡುತ್ತದೆ ಎಂಬ ಜ್ಞಾನ ಅಂಥದ್ದು. ನಮ್ಮ ಗೇಟು ದಾಟಿದರೆ ಅದಕ್ಕೆ ನಯಾಪೈಸೆ ಬೆಲೆಯಿಲ್ಲ. ಇನ್ನೊಂದು, ಎಲ್ಲಿ ಹೋದರೂ ಬೆಲೆಯಿರುವ ಕಲಿಕೆ. ಕ್ಲೌಡ್, ಅಕೌಂಟ್ಸು, ವೆಲ್ಡಿಂಗು, ಇಂಗ್ಲಿಷು ಇಂಥವು. ಮೊದಲನೆಯದಕ್ಕೆ ಮಾಲೀಕ ದುಡ್ಡು ಹಾಕುತ್ತಾನೆ, ಎರಡನೆಯದಕ್ಕೆ ಹಾಕುವುದಿಲ್ಲ ಎಂದ ಬೆಕರ್. ಹಾಕಿದರೆ ಬೇಯಿಸಿದವನೊಬ್ಬ, ಉಂಡವನೊಬ್ಬ ಎಂದಾಗುತ್ತದೆ. ಆದ್ದರಿಂದ ಅಂಥ ಕಲಿಕೆಯ ಖರ್ಚನ್ನು ಕಲಿಯುವವನೇ ಹೊರುತ್ತಾನೆ, ಫೀಸು ಕಟ್ಟಿಯೋ ಕಡಿಮೆ ಸಂಬಳಕ್ಕೆ ದುಡಿದೋ.

ತರ್ಕ ನೇರವಾಗಿದೆ. ಆದರೆ ಲೋಕ ಹಾಗೆ ನಡೆಯುತ್ತಿಲ್ಲ. ಮೈಸೂರಿನಲ್ಲಿ ಇನ್ಫೋಸಿಸ್ ದೊಡ್ಡ ತರಬೇತಿ ಊರನ್ನೇ ಕಟ್ಟಿತು. ಅಲ್ಲಿ ಹೊಸಬರಿಗೆ ಕಲಿಸುವ ಪ್ರೋಗ್ರಾಮಿಂಗು ಯಾವ ಕಂಪನಿಯಲ್ಲಾದರೂ ನಡೆಯುವ ನಾಣ್ಯ. ಹಾಗಾದರೆ ಬೆಕರ್ ಎಲ್ಲಿ ಎಡವಿದ? ತೊಂಬತ್ತರ ದಶಕದ ಕೊನೆಯಲ್ಲಿ ಡಾರನ್ ಅಸೆಮೊಗ್ಲು ಮತ್ತು ಯೋರ್ನ್-ಸ್ಟೆಫೆನ್ ಪಿಶ್ಕೆ ಇದಕ್ಕೆ ಉತ್ತರ ಹುಡುಕಿದರು. ಕೆಲಸಗಾರ ಕಲಿತಷ್ಟೂ ಅವನ ಕೆಲಸದ ಬೆಲೆ ಏರುತ್ತದೆ, ಆದರೆ ಸಂಬಳ ಅಷ್ಟೇ ವೇಗದಲ್ಲಿ ಏರುವುದಿಲ್ಲ. ಅವನಿಗೆ ಎಷ್ಟು ಗೊತ್ತಿದೆ ಎಂಬುದು ಹೊರಗಿನ ಕಂಪನಿಗೆ ಸರಿಯಾಗಿ ಕಾಣುವುದಿಲ್ಲ. ಕೆಲಸ ಬದಲಿಸುವುದು ಮನೆ ಬದಲಿಸಿದ ಹಾಗೆ, ಸುಲಭವಲ್ಲ. ಈ ನಡುವಿನ ಅಂತರದಲ್ಲಿ ಮಾಲೀಕನಿಗೆ ಲಾಭವಿದೆ, ಅದಕ್ಕೇ ಕಲಿಸುತ್ತಾನೆ ಎಂದರು.

ಇದನ್ನು ಓದಿದಾಗ ಮೊದಲು ಸಮಾಧಾನವಾಯಿತು, ಆಮೇಲೆ ಕಸಿವಿಸಿ. ಯಾಕೆಂದರೆ ಇದನ್ನು ತಿರುಗಿಸಿ ಓದಿದರೆ ಅರ್ಥ ಇಷ್ಟೆ: ಕೆಲಸಗಾರ ಎಷ್ಟು ಕಟ್ಟಿಬಿದ್ದಿದ್ದಾನೋ ಅವನಿಗೆ ಕಲಿಸುವುದು ಅಷ್ಟು ಲಾಭ. ನಮ್ಮಲ್ಲಿ ಮೀಟಿಂಗಿನಲ್ಲಿ ನಡೆಯುವ ಮಾತೂ ಇದೇ. ಬೆಂಗಳೂರಿನಲ್ಲಿ ಇನ್ನೊಂದು ಕಂಪನಿ ರಸ್ತೆಯ ಆಚೆಗೇ ಇರುತ್ತದೆ. ಅಹಮದಾಬಾದು, ವಡೋದರಾದಲ್ಲಿ ಅಷ್ಟು ಆಯ್ಕೆಯಿಲ್ಲ. ಅಪ್ಪ ಅಮ್ಮನ ಜೊತೆ ಇರಬೇಕು, ಊರು ಬಿಡಲಾರೆ ಎನ್ನುವ ಹುಡುಗನನ್ನು ನಾವು ‘ಸ್ಟೇಬಲ್’ ಎನ್ನುತ್ತೇವೆ. ಮನೆಸಾಲ ಇರುವವನು ಇನ್ನೂ ಸ್ಟೇಬಲ್. ಅವನಿಗೆ ಕಲಿಸಬಹುದು. ಮದುವೆ ನಿಶ್ಚಯವಾದ ಹುಡುಗಿ ಸ್ಟೇಬಲ್ ಅಲ್ಲ. ನಾನು ಅವಳ ಹೆಸರು ಅಳಿಸಿದಾಗ ಬೆಕರ್‌ನನ್ನೂ ಓದಿರಲಿಲ್ಲ, ಅಸೆಮೊಗ್ಲುವನ್ನೂ ಓದಿರಲಿಲ್ಲ. ಆದರೆ ಅವರ ಲೆಕ್ಕವನ್ನೇ ಮಾಡಿದ್ದೆ.

ವಾಟ್ಸಾಪಿನಲ್ಲಿ ಒಂದು ಜಾಣಮಾತು ಸುತ್ತುತ್ತಿರುತ್ತದೆ. ಹಣಕಾಸು ನೋಡುವವನು ಕೇಳುತ್ತಾನೆ: ಕಲಿಸಿದ ಮೇಲೆ ಬಿಟ್ಟುಹೋದರೆ? ಯಜಮಾನ ಹೇಳುತ್ತಾನೆ: ಕಲಿಸದೆ ಇಲ್ಲೇ ಉಳಿದರೆ? ಎಲ್ಲರೂ ಯಜಮಾನನಿಗೆ ಚಪ್ಪಾಳೆ ತಟ್ಟುತ್ತಾರೆ. ನಾನೂ ಒಮ್ಮೆ ಸ್ಲೈಡಿನಲ್ಲಿ ಹಾಕಿದ್ದೆ. ಈಗ ನೋಡಿದರೆ ಇಬ್ಬರೂ ಮಾತಾಡುತ್ತಿರುವುದು ಕಂಪನಿಗೆ ಏನಾಗುತ್ತದೆ ಎಂಬುದನ್ನು ಮಾತ್ರ. ಕಲಿಯದೆ ಉಳಿದವಳಿಗೆ ಏನಾಗುತ್ತದೆ ಎಂದು ಇಬ್ಬರೂ ಕೇಳುವುದಿಲ್ಲ.

*

ಅವಳ ಅಪ್ಪ ಸೂರತ್‌ನ ವರಾಛಾದಲ್ಲಿ ವಜ್ರ ಉಜ್ಜುತ್ತಿದ್ದರು. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಈ ಊರಿನಲ್ಲಿ ಹೊಳಪು ಪಡೆಯುತ್ತವೆ ಎಂಬ ಮಾತಿದೆ. ಉಜ್ಜುವವರಲ್ಲಿ ಹೆಚ್ಚಿನವರು ಸೌರಾಷ್ಟ್ರದಿಂದ ಬಂದವರು. ತಿರುಗುವ ಚಕ್ರಕ್ಕೆ ಇಲ್ಲಿ ಘಂಟಿ ಎನ್ನುತ್ತಾರೆ. ಒಂದು ಘಂಟಿಯ ಸುತ್ತ ನಾಲ್ಕಾರು ಜನ ಕೂರುತ್ತಾರೆ. ಊರಿನಿಂದ ಬಂದ ಹುಡುಗ ಮಾವನ ಪಕ್ಕದಲ್ಲೋ ದೊಡ್ಡಪ್ಪನ ಮಗನ ಪಕ್ಕದಲ್ಲೋ ಕೂತು ಕಲಿಯುತ್ತಾನೆ. ಅವಳ ಅಪ್ಪ ಮೊದಲ ಆರು ತಿಂಗಳು ಕೂಲಿ ಇಲ್ಲದೆ, ಊಟಕ್ಕೆ ಮತ್ತು ಮಲಗಲು ಜಾಗಕ್ಕೆ ದುಡಿದಿದ್ದರಂತೆ. ಕೆಟ್ಟರೆ ಸಾವಿರಗಟ್ಟಲೆ ಹೋಗುವ ಕಲ್ಲು. ಅದನ್ನು ಹೊಸ ಹುಡುಗನ ಕೈಗೆ ಕೊಡಲು ಮಾಲೀಕನಿಗೆ ಧೈರ್ಯ ಎಲ್ಲಿಂದ ಬರುತ್ತದೆ? ಹುಡುಗ ಅದೇ ಊರಿನವನು, ಅದೇ ಜಾತಿಯವನು, ತಪ್ಪಿಸಿಕೊಂಡರೆ ಊರಿನಲ್ಲಿ ಅಪ್ಪ ಇದ್ದಾನೆ. ಬಾಂಡಿಗೆ ಸ್ಟಾಂಪು ಪೇಪರು ಬೇಕಿಲ್ಲ, ನೆಂಟಸ್ತನವೇ ಬಾಂಡು.

ಇಲ್ಲಿ ಬೆಕರ್ ಹೇಳಿದ್ದು ನಿಜವಾಗಿದೆ: ಕಲಿಕೆಯ ಖರ್ಚನ್ನು ಹುಡುಗನೇ ಹೊತ್ತ, ಕೂಲಿ ಬಿಟ್ಟು. ಆದರೆ ಅವನು ಕಲಿತದ್ದು ವಜ್ರದ ಬೀದಿಯಲ್ಲಿ ಮಾತ್ರ ನಡೆಯುವ ನಾಣ್ಯ. 2008ರ ಕೊನೆಯಲ್ಲಿ ಅಮೆರಿಕದ ಬಿಕ್ಕಟ್ಟು ಸೂರತ್‌ಗೆ ತಗುಲಿ ಘಂಟಿಗಳು ನಿಂತವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಸೌರಾಷ್ಟ್ರದ ಹಳ್ಳಿಗಳಿಗೆ ವಾಪಸ್ಸಾದವು. ಐವತ್ತೇಳು ಮುಖಗಳನ್ನು ಕಣ್ಣಳತೆಯಲ್ಲಿ ಕೂರಿಸಬಲ್ಲ ಕೈಗೆ ಹಳ್ಳಿಯಲ್ಲಿ ಮಾಡಲು ಕೆಲಸವಿರಲಿಲ್ಲ. ಸೂರತ್‌ನಲ್ಲಿ 1978ರಿಂದ ಇಂಡಿಯನ್ ಡೈಮಂಡ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಕೋರ್ಸು ಮಾಡಿ ಕಲಿಯಬಹುದು, ಕೈಗೆ ಸರ್ಟಿಫಿಕೇಟೂ ಸಿಗುತ್ತದೆ. ಆದರೆ ಮಾವನ ಪಕ್ಕ ಕೂತು ಕಲಿತವನಿಗೆ ತಾನು ಏನು ಕಲಿತೆ ಎಂದು ಹೊರಗಿನವರಿಗೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಮಗಳು ಕಂಪ್ಯೂಟರ್ ಓದಲಿ ಎಂದು ಅವರು ಹಟ ಹಿಡಿದದ್ದು ಆ ವರ್ಷದ ನಂತರ. ತಾನು ಕಟ್ಟಿಬಿದ್ದ ಹಾಗೆ ಮಗಳು ಒಂದೇ ವಿದ್ಯೆಗೆ ಕಟ್ಟಿಬೀಳಬಾರದು ಎಂದು. ನಾನು ಅವಳನ್ನು ಕಟ್ಟಿಹಾಕಿದ್ದು ಅಲ್ಲಿಯೇ.

*

ಒಬ್ಬ ಮಾಲೀಕ ಕಲಿಸಿದರೆ ಪಕ್ಕದವನು ಎಳೆದುಕೊಳ್ಳುತ್ತಾನೆ ಎಂಬ ಭಯಕ್ಕೆ ಅಹಮದಾಬಾದು ಎಪ್ಪತ್ತೈದು ವರ್ಷದ ಹಿಂದೆಯೇ ಒಂದು ಮದ್ದು ಕಂಡುಕೊಂಡಿತ್ತು. 1947ರಲ್ಲಿ ಕಸ್ತೂರಭಾಯಿ ಲಾಲ್‌ಭಾಯಿ ಮತ್ತು ಇನ್ನೂ ಮೂವತ್ತು ತುಂಬದ ವಿಕ್ರಮ್ ಸಾರಾಭಾಯಿ ಸೇರಿ ಅಟಿರಾ ಕಟ್ಟಿದರು, ಬಟ್ಟೆ ಗಿರಣಿಗಳ ಸಂಶೋಧನಾ ಸಂಸ್ಥೆ. ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಪೈಪೋಟಿಯಾಗಿದ್ದ ಗಿರಣಿಗಳು ಸೇರಿ ಅದಕ್ಕೆ ಹಣ ಹಾಕಿದವು, ಸರ್ಕಾರವೂ ಕೈಜೋಡಿಸಿತು. ಎಲ್ಲರೂ ಸೇರಿ ಕಲಿಸಿದರೆ ಯಾರ ಜನ ಎಲ್ಲಿಗೆ ಹೋದರೂ ಊರಿನೊಳಗೇ ಇರುತ್ತಾರಲ್ಲ! ಅಟಿರಾದಲ್ಲಿ ಮನುಷ್ಯರ ನಡುವಿನ ಸಂಬಂಧ ನೋಡಲೆಂದೇ ಒಂದು ವಿಭಾಗವಿತ್ತು. ಅಲ್ಲಿದ್ದ ಕಮಲಾ ಚೌಧರಿ ಮುಂದೆ 1961ರಲ್ಲಿ ಹುಟ್ಟಿದ ಐಐಎಂಗೆ ಮೊದಲ ಅಧ್ಯಾಪಕಿಯಾದರು.

ಅದೇ ಕಾಲದಲ್ಲಿ ಗೌತಮ್ ಸಾರಾಭಾಯಿಯವರ ಕ್ಯಾಲಿಕೋ ಗಿರಣಿಗೆ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಬಂದ. ಗಿರಣಿಯಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳು ಬಂದಿದ್ದವು, ಆದರೆ ಬಟ್ಟೆಯ ಗುಣ ಏರಿರಲಿಲ್ಲ. 224 ಮಗ್ಗಗಳ ಶೆಡ್ಡಿನಲ್ಲಿ ಒಬ್ಬ ನೂಲು ಹಾಕುವವನು, ಒಬ್ಬ ಎಣ್ಣೆ ಬಿಡುವವನು, ಒಬ್ಬ ಕಸ ಗುಡಿಸುವವನು ಎಂದು ಪ್ರತಿಯೊಬ್ಬನಿಗೂ ಒಂದೊಂದು ಚೂರು ಕೆಲಸ. 1953ರಲ್ಲಿ ಅದನ್ನು ಬದಲಿಸಿ, ಒಂದಷ್ಟು ಮಗ್ಗಗಳಿಗೆ ಒಂದು ಸಣ್ಣ ಗುಂಪು, ಆ ಗುಂಪಿಗೆ ಒಟ್ಟು ಜವಾಬ್ದಾರಿ ಎಂದು ಮಾಡಿದರು. ಯಾರು ಯಾವ ಗುಂಪಿಗೆ ಎಂಬುದನ್ನು ಕೆಲಸಗಾರರೇ ಆರಿಸಿಕೊಂಡರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. ರೈಸ್ 1958ರಲ್ಲಿ ಇದನ್ನು ಪುಸ್ತಕವಾಗಿ ಬರೆದ. ಇವತ್ತು ನಾವು ‘ಅಜೈಲ್ ಟೀಮು’ ಎಂದು ಹೆಸರಿಟ್ಟು ಸ್ಲೈಡು ತೋರಿಸುವ ಬಹಳಷ್ಟು ಸಂಗತಿ ನಮ್ಮ ಆಫೀಸಿನಿಂದ ಅರ್ಧ ಗಂಟೆ ದೂರದಲ್ಲಿ, ಹತ್ತಿಯ ಧೂಳಿನ ನಡುವೆ ನಡೆದುಹೋಗಿತ್ತು.

ನನಗೆ ಇದರಲ್ಲಿ ಹಿಡಿಸಿದ ಸಂಗತಿ ಒಂದಿದೆ. ಅಲ್ಲಿ ಕೆಲಸಗಾರರನ್ನು ಯಾವ ಕ್ಲಾಸಿಗೂ ಕಳಿಸಲಿಲ್ಲ. ಪಕ್ಕದವನ ಕೆಲಸ ಕಣ್ಣಿಗೆ ಬೀಳುವಂತೆ, ಕೈಗೆ ಸಿಗುವಂತೆ ಮಾಡಿದರು ಅಷ್ಟೆ. ಕಲಿಕೆಗೆ ಖರ್ಚು ಮಾಡುವುದೆಂದರೆ ಕೋರ್ಸಿಗೆ ದುಡ್ಡು ಕಟ್ಟುವುದು ಎಂದೇ ನಾವು ತಿಳಿದಿದ್ದೇವೆ. ಆ ಹುಡುಗಿಗೆ ಸೀಟು ಕೊಡಲಾಗದಿದ್ದರೂ ಆಟೊಮೇಷನ್ ಮಾಡುವವನ ಪಕ್ಕ ವಾರಕ್ಕೆ ನಾಲ್ಕು ಗಂಟೆ ಕೂರಿಸಬಹುದಿತ್ತು. ಅದಕ್ಕೆ ಎಕ್ಸೆಲ್ ಶೀಟಿನ ಯಾವ ಸಾಲೂ ಬೇಕಿರಲಿಲ್ಲ.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1970ರಲ್ಲಿ ಎರಿಕ್ ಮಿಲ್ಲರ್ ಮತ್ತೆ ಬಂದು ನೋಡಿದಾಗ ಒಂದು ಶೆಡ್ಡಿನಲ್ಲಿ ಆ ಗುಂಪು ಪದ್ಧತಿ ಉಳಿದಿತ್ತು, ಬೇರೆ ಕಡೆ ಹಳೆಯ ಹಾದಿಗೆ ಜಾರಿತ್ತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು, ಕ್ಯಾಲಿಕೋ ಕೂಡ. ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಯಾನ್ ಬ್ರೆಮನ್ ತನ್ನ ಪುಸ್ತಕದಲ್ಲಿ ಆ ಜನ ಆಟೊ ಓಡಿಸುತ್ತ, ತರಕಾರಿ ಮಾರುತ್ತ, ದಿನಗೂಲಿಗೆ ಹೋಗುತ್ತ ಕೆಳಗಿಳಿದದ್ದನ್ನು ದಾಖಲಿಸಿದ್ದಾನೆ. ಊರೆಲ್ಲ ಒಟ್ಟಾಗಿ ಕಟ್ಟಿದ ಕಲಿಕೆಯೂ ಊರಿನ ಉದ್ಯಮ ಬಿದ್ದಾಗ ಅವರನ್ನು ಎತ್ತಲಿಲ್ಲ. ಅದೇ ಊರಿನಲ್ಲಿ, ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ ಕಟ್ಟಿದ ಮಜೂರ್ ಮಹಾಜನ್ ಸಂಘದ ಮಹಿಳಾ ವಿಭಾಗ ಗಿರಣಿ ಕಾರ್ಮಿಕರ ಮನೆಯ ಹೆಂಗಸರಿಗೆ ಹೊಲಿಗೆ ಮುಂತಾದವನ್ನು ಕಲಿಸುತ್ತಿತ್ತು. ಆ ವಿಭಾಗದೊಳಗಿಂದಲೇ 1972ರಲ್ಲಿ ಇಳಾ ಭಟ್ ಅವರ ‘ಸೇವಾ’ ಹುಟ್ಟಿತು. ಗಿರಣಿ ಮುಚ್ಚಿದ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಹೆಂಗಸರ ಸಂಪಾದನೆಯಿಂದ.

*

ನೂರು ಕಿಲೋಮೀಟರು ದಕ್ಷಿಣಕ್ಕೆ, ವಡೋದರಾದಲ್ಲಿ, ಬೇರೆ ಮಾದರಿ ಕಾಣುತ್ತದೆ. 1890ರಲ್ಲಿ ಸಯಾಜಿರಾವ್ ಗಾಯಕವಾಡರು ಟಿ.ಕೆ. ಗಜ್ಜರ್ ಅವರ ಕೈಯಲ್ಲಿ ಕಲಾಭವನ ತೆರೆಸಿದರು. ಬಣ್ಣಗಾರಿಕೆ, ನೇಯ್ಗೆ, ಯಂತ್ರವಿದ್ಯೆ, ಚಿತ್ರಕಲೆ ಎಲ್ಲ ಅಲ್ಲಿದ್ದವು. ಮುಂದೆ ಸಿನಿಮಾ ಮಾಡಿದ ದಾದಾಸಾಹೇಬ್ ಫಾಲ್ಕೆ ಕೂಡ ಅಲ್ಲಿ ಕಲಿತವರು. ಕಲಿತವರು ಅಹಮದಾಬಾದಿನ, ಮುಂಬೈಯ ಗಿರಣಿಗಳಿಗೆ ಹೋದರೆ ಬರೋಡಾ ಸಂಸ್ಥಾನಕ್ಕೆ ಏನು ಲಾಭ ಎಂದು ಕೇಳಿದ್ದರೆ ಕಲಾಭವನ ಹುಟ್ಟುತ್ತಲೇ ಇರಲಿಲ್ಲ. ಗಜ್ಜರ್ ತಮ್ಮ ಶಿಷ್ಯರ ಜೊತೆ ಸೇರಿ ಆರಂಭಿಸಿದ ಉದ್ಯಮವೇ 1907ರ ಅಲೆಂಬಿಕ್. ಗುರು ಕಲಿಸಿದ್ದು ಶಿಷ್ಯರು ಕಟ್ಟಿದ ಕಾರ್ಖಾನೆಯಾಗಿ ಅದೇ ಊರಿಗೆ ಬಂತು. ಆದರೆ ಸಯಾಜಿರಾವ್ ರಾಜ, ಕಂಪನಿಯಲ್ಲ. ಕಲಿತವನು ಹೋದಲ್ಲೆಲ್ಲ ಪ್ರಜೆಯಾಗಿಯೇ ಇರುತ್ತಾನೆ ಎಂದು ಅವರು ಭಾವಿಸಬಹುದಿತ್ತು. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವ ನಮ್ಮಂಥವರಿಗೆ ಆ ನೆಮ್ಮದಿಯಿಲ್ಲ.

ರಾಜರಲ್ಲದವರೂ ಹಾಗೆ ಮಾಡಿದ್ದುಂಟು. ಕರಾವಳಿಯಿಂದ ಮುಂಬೈಗೆ ಹೋದ ಹುಡುಗರು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೆಟ್ರಿಕ್ ಮಾಡಿದ್ದು ನಮ್ಮವರಿಗೆ ಗೊತ್ತಿರುವ ಸಂಗತಿ. ಓದು ಮುಗಿದ ಹುಡುಗ ಹೋಟೆಲು ಬಿಟ್ಟು ಬ್ಯಾಂಕಿಗೋ ಆಫೀಸಿಗೋ ಹೋಗುತ್ತಾನೆ ಎಂದು ಧಣಿಗಳಿಗೆ ಗೊತ್ತಿತ್ತು. ಆದರೂ ಎಷ್ಟೋ ಧಣಿಗಳು ಸಂಜೆ ಆರಕ್ಕೆ ಬಿಟ್ಟುಕೊಟ್ಟರು. ಯಾಕೆ? ಒಂದೇ ಕಾರಣವಿರಲಾರದು. ಊರಿನಲ್ಲಿ ಹುಡುಗನ ತಾಯಿಗೆ ಕೊಟ್ಟ ಮಾತು. ತಾನೂ ಒಂದು ಕಾಲಕ್ಕೆ ಅದೇ ಟೇಬಲ್ ಒರೆಸಿದ ನೆನಪು. ಸಮಾಜದಲ್ಲಿ ಹೆಸರು. ಶಾಲೆಯ ಆಸೆ ತೋರಿಸಿದರೆ ಕಡಿಮೆ ಸಂಬಳಕ್ಕೆ ಹುಡುಗರು ಸಿಗುತ್ತಾರೆ ಎಂಬ ಲೆಕ್ಕವೂ ಕೆಲವರಲ್ಲಿ ಇದ್ದಿರಬೇಕು. ಹುಡುಗನ ಮಟ್ಟಿಗೆ ಧಣಿಯ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ ಸಂಜೆ ಆರಕ್ಕೆ ಬಿಟ್ಟರೋ ಇಲ್ಲವೋ ಎಂಬುದೇ ದೊಡ್ಡದು.

ಇದರಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಮಾಲೀಕನ ಉದ್ದೇಶ ಶುದ್ಧವಾಗಿರಬೇಕು ಎಂದು ಹಟ ಹಿಡಿಯುವುದು ಬೇಡ. ಲಾಭಕ್ಕೆ ಕಲಿಸಿದರೂ ಕಲಿತವನಿಗೆ ಕಲಿಕೆ ಉಳಿಯುತ್ತದೆ. ಕಾನೂನಿಗೆ ಹೆದರಿ ಕಲಿಸಿದರೂ ಹಾಗೆಯೇ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಈಗ ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒತ್ತಾಯಕ್ಕೆ ತೆಗೆದುಕೊಂಡ ಹುಡುಗನೂ ಲೇತು ಹಿಡಿಯುವುದನ್ನು ಕಲಿತೇ ಕಲಿಯುತ್ತಾನೆ. ಹಾಗಾದರೆ ಧರ್ಮದ ಪ್ರಶ್ನೆ ಎಲ್ಲಿದೆ? ಕಲಿಸಿದ ಮೇಲೆ ಮಾಲೀಕ ಏನು ಕೇಳುತ್ತಾನೆ ಎಂಬುದರಲ್ಲಿದೆ.

*

ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ ಒಂದರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ನಮ್ಮೂರಿನ ಬ್ಯಾಂಕು ಸಯಾಜಿರಾವ್ 1908ರಲ್ಲಿ ಸ್ಥಾಪಿಸಿದ ಬ್ಯಾಂಕಿನೊಳಗೆ ಕರಗಿತು ಎಂದು ವಡೋದರಾದ ಕನ್ನಡಿಗರು ಆಗ ಮಾತಾಡಿಕೊಂಡದ್ದುಂಟು. ಆ ಬ್ಯಾಂಕಿನ ಒಂದು ಹಳೆಯ ಮೊಕದ್ದಮೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಬ್ಬ ಅಧಿಕಾರಿ 2007ರಲ್ಲಿ ಸೇರುವಾಗ ಮೂರು ವರ್ಷ ಇರುತ್ತೇನೆ, ಮೊದಲೇ ಬಿಟ್ಟರೆ ಎರಡು ಲಕ್ಷ ಕಟ್ಟುತ್ತೇನೆ ಎಂದು ಸಹಿ ಹಾಕಿದ್ದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಆಕ್ಷೇಪಣೆ ದಾಖಲಿಸಿ ಎರಡು ಲಕ್ಷ ಕಟ್ಟಿ, ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರ ಹೇಳಿತ್ತು. ಸುಪ್ರೀಂ ಕೋರ್ಟು ಬ್ಯಾಂಕಿನ ಪರ ಹೇಳಿತು.

1872ರ ಕರಾರು ಕಾಯ್ದೆಯ 27ನೇ ಕಲಂ ಯಾರನ್ನೂ ತನ್ನ ಉದ್ಯೋಗ ಮಾಡದಂತೆ ಕಟ್ಟಿಹಾಕುವ ಕರಾರು ಊರ್ಜಿತವಲ್ಲ ಎನ್ನುತ್ತದೆ. ಆದರೆ ಈ ಬಾಂಡು ಬಿಟ್ಟುಹೋದ ಮೇಲೆ ಎಲ್ಲಿಯೂ ದುಡಿಯಬೇಡ ಎಂದಿರಲಿಲ್ಲ. ಕೆಲಸದಲ್ಲಿರುವಾಗಿನ ಷರತ್ತು ಅದು. ಸರ್ಕಾರಿ ಬ್ಯಾಂಕು ಮತ್ತೆ ದೇಶಕ್ಕೆಲ್ಲ ಜಾಹೀರಾತು ಕೊಟ್ಟು ನೇಮಕ ಮಾಡಬೇಕು, ಅದಕ್ಕೆ ಖರ್ಚಿದೆ. ಹಿರಿಯ ಅಧಿಕಾರಿಗೆ ಎರಡು ಲಕ್ಷ ಅತಿಯಲ್ಲ. ಹೀಗೆ ಕೋರ್ಟು ತರ್ಕಿಸಿತು. ಅಚ್ಚು ಹಾಕಿಟ್ಟ ಕರಾರಿಗೆ ಸಹಿ ಮಾಡುವ ನೌಕರನ ಕೈ ದುರ್ಬಲ ಎಂಬುದನ್ನೂ ಅದು ಗಮನಿಸಿತ್ತು. ತೀರ್ಪು ಬರುವ ಹೊತ್ತಿಗೆ ವಿಜಯಾ ಬ್ಯಾಂಕೇ ಹೆಸರು ಕಳೆದುಕೊಂಡು ಆರು ವರ್ಷವಾಗಿತ್ತು. ನೌಕರ ಮೂರು ವರ್ಷ ಇರಬೇಕಿತ್ತು, ಸರಿ. ಸಂಸ್ಥೆ ಎಷ್ಟು ವರ್ಷ ಇರುತ್ತೇನೆಂದು ಯಾರಿಗೂ ಬರೆದುಕೊಟ್ಟಿರುವುದಿಲ್ಲ.

ಈ ತೀರ್ಪು ಬಂದ ವಾರ ನಮ್ಮ ಎಚ್.ಆರ್.ನವರು ಹುರುಪಿನಲ್ಲಿದ್ದರು. ಇನ್ನು ಎಲ್ಲ ತರಬೇತಿಗೂ ಬಾಂಡು ಹಾಕೋಣ ಎಂದರು. ನಾನು ಒಪ್ಪಲಿಲ್ಲ, ಆದರೆ ಯಾಕೆ ಎಂದು ಸರಿಯಾಗಿ ಹೇಳಲೂ ಆಗಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ಬಾಂಡು ಒಂದು ಸಾಲದ ಪತ್ರ. ಅದರಲ್ಲಿ ಅಪ್ರಾಮಾಣಿಕತೆ ಏನೂ ಇಲ್ಲ. ಖರ್ಚು ಎಷ್ಟು, ಎಷ್ಟು ತಿಂಗಳಲ್ಲಿ ತೀರುತ್ತದೆ, ಮಧ್ಯೆ ಹೋದರೆ ಎಷ್ಟು ಉಳಿಯುತ್ತದೆ ಎಂದು ನ್ಯಾಯವಾಗಿ ಬರೆದರೆ ಅದು ಲೇವಾದೇವಿ. ಕಟ್ಟಿದ ಮೇಲೆ ಮುಗಿಯಿತು. ತೊಂದರೆ ಬರುವುದು ಸಾಲವನ್ನು ಉಪಕಾರದ ವೇಷ ಹಾಕಿ ಕೊಟ್ಟಾಗ. ಸಾಲದ ಹಣವೂ ಬೇಕು, ಕೃತಜ್ಞತೆಯೂ ಬೇಕು; ರಾತ್ರಿ ಹನ್ನೊಂದಕ್ಕೆ ಫೋನು ಎತ್ತಬೇಕು, ಬಿಟ್ಟುಹೋಗುವಾಗ ತಲೆ ತಗ್ಗಿಸಬೇಕು. ‘ಉಂಡ ಮನೆಗೆ ಎರಡು ಬಗೆದ’ ಎಂದು ನಾವು ಹೇಳುತ್ತೇವಲ್ಲ, ಆ ಮಾತು ಉಪಕಾರಕ್ಕೆ ಸಲ್ಲುತ್ತದೆ, ಬಡ್ಡಿ ಹಾಕಿ ಕೊಟ್ಟ ಊಟಕ್ಕೆ ಸಲ್ಲುವುದಿಲ್ಲ.

ಋಣ ಬೇರೆಯದು. ಹುಟ್ಟುವಾಗಲೇ ಮನುಷ್ಯನಿಗೆ ಮೂರು ಋಣವಿದೆ ಎಂದು ಹಿರಿಯರು ಎಣಿಸಿದ್ದಾರೆ: ದೇವಋಣ, ಪಿತೃಋಣ, ಋಷಿಋಣ. ಅಪ್ಪ ಅಮ್ಮನ ಋಣ ಮಕ್ಕಳನ್ನು ಸಾಕುವುದರಲ್ಲಿ ತೀರುತ್ತದೆ. ಕಲಿಸಿದವರ ಋಣ ಓದುವುದರಲ್ಲಿ, ಓದಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದರಲ್ಲಿ ತೀರುತ್ತದೆ. ಕೊಟ್ಟವರಿಗೇ ಹಿಂತಿರುಗಿಸಬೇಕೆಂದು ಇಲ್ಲ. ಈ ದೃಷ್ಟಿಯಲ್ಲಿ ನೋಡಿದರೆ ನಾನು ಕಲಿಸಿದ ಹುಡುಗ ಬೆಂಗಳೂರಿಗೆ ಹೋದದ್ದು ನಷ್ಟವಲ್ಲ. ಅವನು ಅಲ್ಲಿ ಇನ್ನೊಬ್ಬರಿಗೆ ಕಲಿಸಿದರೆ ಲೆಕ್ಕ ಸರಿಹೋಯಿತು.

ಋಣದ ಮಾತನ್ನು ಮಾಲೀಕರ ಬಾಯಲ್ಲಿ ಇಡುವುದು ಅಪಾಯ, ಅದೂ ಗೊತ್ತಿದೆ. ‘ಅನ್ನದ ಋಣ’ ಎನ್ನುತ್ತಲೇ ಜೀತ ನಡೆದ ದೇಶ ನಮ್ಮದು. ಸೂರತ್‌ನ ಘಂಟಿಯ ಮುಂದೆ ಕೂಲಿಯಿಲ್ಲದೆ ಕೂತ ಹುಡುಗನಿಗೂ ಯಾರೋ ಋಣದ ಪಾಠವನ್ನೇ ಹೇಳಿರುತ್ತಾರೆ. ಅದಕ್ಕೇ ಋಣವನ್ನು ಲೆಕ್ಕ ಹಾಕಬೇಕಾದವನು ಪಡೆದವನು, ಕೊಟ್ಟವನಲ್ಲ. ಕೊಟ್ಟವನು ಕೇಳಿದ ಕ್ಷಣ ಅದು ಸಾಲವಾಗುತ್ತದೆ. ಸಾಲವಾದರೆ ಸ್ಟಾಂಪು ಪೇಪರಿನಲ್ಲಿ ಬರೆಯಲಿ, ಮೊತ್ತ ಹೇಳಲಿ.

ನನ್ನ ಲೆಕ್ಕವನ್ನೇ ನೋಡಿಕೊಂಡೆ. ಎಂ.ಟೆಕ್. ಮುಗಿಸಿ ಬೆಂಗಳೂರಿನಲ್ಲಿ ಸೇರಿದ ಮೊದಲ ಕಂಪನಿ ನನಗೆ ನಾಲ್ಕು ತಿಂಗಳು ಕೂರಿಸಿ ಕಲಿಸಿತು. ಒಬ್ಬ ಹಿರಿಯರು ದಿನಾ ಸಂಜೆ ನನ್ನ ಕೋಡಿನ ಪ್ರತಿ ಸಾಲು ಓದಿ, ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು. ಹದಿನಾಲ್ಕನೇ ತಿಂಗಳು ಸಾವಿರದ ಎಂಟುನೂರು ರೂಪಾಯಿ ಹೆಚ್ಚಿಗೆ ಸಿಕ್ಕಿತೆಂದು ಬಿಟ್ಟು ಹೊರಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, “ಹೋಗಯ್ಯಾ, ಅಲ್ಲೂ ಹೀಗೇ ಬರಿ” ಎಂದರು. ನನಗೆ ಆಗ ‘ಸ್ಟೇಬಲ್ ಅಲ್ಲ’ ಎಂದು ಯಾರಾದರೂ ಗೆರೆ ಎಳೆದಿದ್ದರೆ ಇವತ್ತು ಇನ್ನೊಬ್ಬರ ಹೆಸರಿನ ಮೇಲೆ ಗೆರೆ ಎಳೆಯುವ ಕುರ್ಚಿಯಲ್ಲಿ ಕೂತಿರುತ್ತಿರಲಿಲ್ಲ.

*

ಹಾಗಂತ ನಾಳೆಯಿಂದ ಎಲ್ಲರಿಗೂ ಎಲ್ಲವನ್ನೂ ಕಲಿಸಿ ಎಂದು ನಾನು ಹೇಳಲಾರೆ. ದುಡ್ಡು ಮುಗಿಯುತ್ತದೆ. ಒಂಬತ್ತು ಜನ, ಆರು ಸೀಟು ಎಂಬುದು ಪ್ರತಿ ವರ್ಷದ ಸತ್ಯ. ಮೂವರನ್ನು ಬಿಡಲೇಬೇಕು. ಬಿಟ್ಟದ್ದು ನನ್ನ ತಪ್ಪಲ್ಲ. ಅವಳ ಬದುಕನ್ನು ಅವಳ ಪರವಾಗಿ ನಾನು ಊಹಿಸಿದ್ದು ತಪ್ಪು. ಆ ಊಹೆ ಅವಳಿಗೆ ಗೊತ್ತಾಗದಂತೆ ಮುಚ್ಚಿಟ್ಟದ್ದು ಎರಡನೆಯ ತಪ್ಪು. ಊಹೆ ತಪ್ಪಾದಾಗ ಅದರ ಬೆಲೆಯನ್ನು ಅವಳು ತೆತ್ತಳು, ನಾನಲ್ಲ, ಕಂಪನಿಯೂ ಅಲ್ಲ. ಏಳು ತಿಂಗಳಿಗೆ ಬಿಟ್ಟುಹೋದ ಹುಡುಗನಿಂದ ಕಂಪನಿಗೆ ಆದ ನಷ್ಟ ಶೀಟಿನಲ್ಲಿ ಒಂದು ಸಂಖ್ಯೆ. ಉಳಿದವಳಿಗೆ ಆದ ನಷ್ಟಕ್ಕೆ ಶೀಟಿನಲ್ಲಿ ಕಾಲಮ್ಮೇ ಇಲ್ಲ.

ಈ ಮಾರ್ಚಿನಲ್ಲಿ ಪಟ್ಟಿ ಮಾಡುವಾಗ ಒಂದು ಪ್ರಶ್ನೆ ಬದಲಿಸಿದೆ. ಯಾರು ಉಳಿಯುತ್ತಾರೆ ಎಂದು ಕೇಳುವ ಬದಲು, ಈಗ ಮಾಡುತ್ತಿರುವ ಕೆಲಸ ಯಾರದು ಮೊದಲು ಇಲ್ಲವಾಗುತ್ತದೆ ಎಂದು ಕೇಳಿದೆ. ಹೆಸರುಗಳ ಕ್ರಮ ಸಾಕಷ್ಟು ಬದಲಾಯಿತು. ಬಿಟ್ಟವರನ್ನು ಕರೆದು, ಯಾಕೆ ಬಿಟ್ಟೆ ಎಂದು ಮುಖ ನೋಡಿ ಹೇಳಿದೆ. ಅದು ಕಷ್ಟದ ಮಧ್ಯಾಹ್ನ. ಇಬ್ಬರು ವಾದ ಮಾಡಿದರು, ಒಬ್ಬನ ವಾದ ಸರಿಯಿತ್ತು, ಪಟ್ಟಿ ತಿದ್ದಿದೆ. ನನ್ನ ಮೇಲಿನವರು ಪಟ್ಟಿ ನೋಡಿ, “ಇವರಲ್ಲಿ ಅರ್ಧ ಜನ ಕಲಿತು ಹೋಗ್ತಾರೆ” ಎಂದರು. ಹೋಗಬಹುದು ಎಂದೆ. ಅವರು ಸಹಿ ಹಾಕಿದರು, ಆದರೆ ಎರಡು ಸೀಟು ಕಡಿಮೆ ಮಾಡಿ.

ಆ ದಿನ ಸಂಜೆ ಆ ಹುಡುಗಿಗೆ ಒಂದು ಮೆಸೇಜು ಬರೆದೆ. ಸೀಟು ಕಡಿಮೆ ಇದ್ದದ್ದು ಕಾರಣವಲ್ಲ, ನಿನ್ನ ಮದುವೆ ಕಾರಣ, ನಾನು ಹಾಗೆ ಯೋಚಿಸಿದ್ದು ತಪ್ಪು ಎಂದು. ಬರೆದು ಕಳಿಸಲು ಎರಡು ವರ್ಷ ತಡವಾಗಿತ್ತು. ಎರಡು ದಿನದ ನಂತರ ಉತ್ತರ ಬಂತು.

“ಗೊತ್ತಿತ್ತು ಸರ್. ಈಗ ಆಟೊಮೇಷನ್ ಕ್ಲಾಸಿಗೆ ಸೇರಿದ್ದೀನಿ. ಫೀಸು ಪಪ್ಪಾ ಕಟ್ಟಿದ್ದಾರೆ.”

ಫೀಸು ಎಷ್ಟು ಎಂದು ಕೇಳಲು ಹೊರಟವನು ಅಳಿಸಿ ಸುಮ್ಮನಾದೆ. ಘಂಟಿಯ ಮು೦ದೆ ಅದು ಎಷ್ಟು ದಿನದ ಕೆಲಸ ಎಂದು ಲೆಕ್ಕ ಹಾಕಿಬಿಡುತ್ತೇನೆ ಎಂದು ನನಗೇ ಗೊತ್ತಿತ್ತು.